ಅಜ್ಜನ ಬಂದೂಕು ಮನೆಯಲ್ಲಿದೆ, ಹೊಲಕ್ಕೆ ಹಂದಿ ಬರ್ತಾವೆ. ನೀವೇನು ಮಾಡಿದ್ರಿ?

ಕೇಳಿದವರು, ಚಿತ್ತಾಪುರ ತಾಲೂಕು:
ಕಾಗಿಣಾ ದಂಡೆಗೆ ನಮ್ಮ ಹೊಲ. ಅರ್ಧ ಶೇಂಗಾ, ಅರ್ಧ ಬಿಳಿಜೋಳ. ನಾಲಾ ಪಕ್ಕದ ಜಾಲಿ ಪೊದೆಯಿಂದ ರಾತ್ರಿ ಹಂದಿ ಹಿಂಡು ಬರುತ್ತದೆ. ಜೋಳ ಹಾಲುಗಾಳು ಕಟ್ಟಿದ ಮೇಲಂತೂ ದಂಟು ಕೆಡವಿ ತೆನೆಯಷ್ಟೇ ಜಗಿದು ಹೋಗ್ತಾವೆ. ಮನೆಯಲ್ಲಿ ಅಜ್ಜನ ಒಂಟಿ ನಳಿಗೆಯ ಬಂದೂಕು ಇದೆ, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ತೆಗೆಸಿದ್ದರು. ಹೋದ ವರ್ಷ ಅವರು ತೀರಿಕೊಂಡರು. ಊರಿನ ಶಿಕಾರಿ ಮಂದಿ "ಎರಡು ಕೆಡವು, ಉಳಿದವು ದಾರಿ ಬಿಡ್ತಾವೆ" ಅಂತಾರೆ. ಕಾಕಾ "ಕೇಸ್ ಆಗ್ತದೆ, ಸುಮ್ನೆ ಇರು" ಅಂತಾರೆ. ಅನುಭವ ಇದ್ದವರು ಹೇಳ್ರಿ.

ಸೇಡಂ:
ತಮ್ಮಾ, ನಮ್ಮದು ಶಿಕಾರಿ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮುಂಚೆ ನಮ್ಮಪ್ಪ ಬಂದೂಕು ಹಿಡಿದು ಅಡವಿ ತಿರುಗಿದವರು. ನಾನು ಹುಡುಗ, ಚೀಲ ಹೊತ್ತು ಹಿಂದೆ ಹೋಗುತ್ತಿದ್ದೆ. ಅವರದ್ದೇ ಕೆಲವು ಕಟ್ಟುಪಾಡು ಇದ್ದವು. ನೀರಿಗೆ ಬಂದ ಪ್ರಾಣಿಗೆ ಗುರಿ ಇಡಬಾರದು. ಮರಿ ಜತೆಗಿದ್ದರೆ ಬಿಡಬೇಕು. ಗಾಯವಾಗಿ ಓಡಿದರೆ ರಕ್ತದ ಜಾಡು ಹಿಡಿದು ಹೋಗಿ ಮುಗಿಸಲೇಬೇಕು. ಅಷ್ಟು ನಡೆಯೋ ತಾಕತ್ತು ಇಲ್ಲದವನು ಗುಂಡು ಹಾರಿಸಬಾರದು ಅಂತ ಅಪ್ಪ ಬೈಯುತ್ತಿದ್ದರು. ಈಗ ಜೀಪಿನ ಮೇಲೆ ಲೈಟ್ ಇಟ್ಟು, ಕಣ್ಣು ಕುಕ್ಕಿಸಿ ನಿಂತಲ್ಲೇ ಹೊಡೆಯುತ್ತಾರೆ. ಅವರನ್ನು ಶಿಕಾರಿಗಳು ಅನ್ನೋಕೂ ನನಗೆ ಮನಸ್ಸಿಲ್ಲ.

ಆದರೂ ಬೆವರು ಸುರಿಸಿದ ಹೊಲಕ್ಕೆ ಬಿದ್ದ ಹಂದಿಯನ್ನು ರೈತ ಹೊಡೆದರೆ ನನಗೆ ಅದು ತಪ್ಪು ಅನ್ನಿಸಲ್ಲ. ಕಾನೂನು ಬೇರೆ ಹೇಳುತ್ತದೆ, ಗೊತ್ತು.

ಕಲಬುರಗಿ, ವಕೀಲಿ ಮಾಡುತ್ತೇನೆ:
ಹಂದಿ ಆಮೇಲೆ, ಮೊದಲು ಬಂದೂಕಿನ ಮಾತು. ಲೈಸೆನ್ಸ್ ಇದ್ದದ್ದು ಅಜ್ಜನ ಹೆಸರಿನಲ್ಲಿ. ಪಹಣಿಯಲ್ಲಿ ಹೆಸರು ಕೂಡಿಸಿದ ಹಾಗೆ ಅದು ವಾರಸುದಾರರಿಗೆ ತಾನಾಗಿ ಬರಲ್ಲ. ತಡ ಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮಾ ಮಾಡಿ ರಸೀದಿ ತಗೊಳ್ಳಿ. ಬೇಕಿದ್ದರೆ ನಿಮ್ಮ ಹೆಸರಿಗೆ ಹೊಸದಾಗಿ ಅರ್ಜಿ ಹಾಕಿ. ಹಾಗೇ ಮನೆಯಲ್ಲಿ ಇಟ್ಟುಕೊಂಡರೆ ಒಂದು ಗುಂಡೂ ಹಾರಿಸದಿದ್ದರೂ 1959ರ ಆಯುಧ ಕಾಯ್ದೆಯಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನು ಊರಲ್ಲಿ ಬಹಳ ಜನ ತಪ್ಪು ತಿಳಿದಿರೋದು ಇದು: ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಬಂದೂಕು ಇಟ್ಟುಕೊಳ್ಳೋಕೆ ಅನುಮತಿ ಅಷ್ಟೇ, ಪ್ರಾಣಿ ಹೊಡೆಯೋಕೆ ಅಲ್ಲ. ಕೊಡವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಅವರೂ ಅನುಮತಿ ಇಲ್ಲದೆ ಹಂದಿ ಹೊಡೆದರೆ ಕೇಸೇ. ಯಾವ ಪ್ರಾಣಿಗೆ ಎಷ್ಟು ರಕ್ಷಣೆ ಅಂತ ವನ್ಯಜೀವಿ ಕಾಯ್ದೆಯಲ್ಲಿ ಪಟ್ಟಿಗಳಿವೆ, ಮೊದಲನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು. ಅದರ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ಮೂರನೇ ಪಟ್ಟಿಯಿಂದ ಎರಡನೇ ಪಟ್ಟಿಗೆ ಬಂದಿದೆ. ಬೆಳೆ ಹಾಳು ಮಾಡುವ ಹಂದಿಗೆ ಅದೇ ಕಾಯ್ದೆಯ 11ನೇ ಕಲಂನಲ್ಲಿ ದಾರಿ ಇದೆ. ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಆದೇಶ ಕೊಡಬೇಕು. ಬಾಯಿಮಾತಿನ "ಹೊಡ್ಕೋ ಹೋಗು" ನಡೆಯಲ್ಲ. ಆದೇಶ ಸಿಕ್ಕಿ ಹೊಡೆದರೂ ಸತ್ತ ಹಂದಿ ಸರ್ಕಾರದ್ದು, ಓಣಿಗೆ ಪಾಲು ಹಂಚೋ ಹಾಗಿಲ್ಲ.

ಸುರಪುರ:
ವಕೀಲ್ ಸಾಹೇಬ್ರೇ, ಕಾಗದದ ಮೇಲೆ ನಿಮ್ಮ ಮಾತು ಸರಿ. ನಮ್ಮೂರಲ್ಲಿ ಹಬ್ಬ ಮುಗಿದ ಮೇಲೆ ನಾಯಿ, ಬಡಿಗೆ ಹಿಡಿದು ಮೊಲಕ್ಕೆ ಹೋಗೋದು ಅಜ್ಜ ಮುತ್ತಜ್ಜರಿಂದ ಬಂದದ್ದು. ಬಂದೂಕಿಲ್ಲ, ಉರುಲಿಲ್ಲ. ಓಡಿ ಹಿಡಿದರೆ ಉಂಟು, ಇಲ್ಲಾಂದ್ರೆ ಬರಿಗೈ. ಆ ಒಂದು ಮೊಲಕ್ಕೆ ನಮ್ಮ ಹುಡುಗರು ಕೋರ್ಟಿಗೆ ಅಲೆಯಬೇಕು. ರಾತ್ರಿ ಕಾರಿನಲ್ಲಿ ಬಂದು ಚಿಗರಿ (ಕೃಷ್ಣಮೃಗ) ಹೊಡೆದುಕೊಂಡು ಹೋಗೋರು ಸಿಗೋದೇ ಇಲ್ಲ. ಇದು ಯಾವ ನ್ಯಾಯ?

ಬೀದರ್, ಮಾಸ್ತರಿಕೆ:
ಅಣ್ಣಾ, ಕಾರಿನವರ ಬಗ್ಗೆ ನಿಮ್ಮ ಸಿಟ್ಟು ಸರಿ. ಚಿಗರಿ ಮೊದಲನೇ ಪಟ್ಟಿಯ ಪ್ರಾಣಿ. ಅದನ್ನು ಹೊಡೆದರೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು, ದಂಡ 25,000ಕ್ಕೆ ಕಡಿಮೆ ಇಲ್ಲ. ಕಾಯ್ದೆ ಗಟ್ಟಿ ಇದೆ, ಹಿಡಿಯುವ ಕೈ ಸಡಿಲ. ಮೊಲದ ವಿಷಯದಲ್ಲಿ ಮಾತ್ರ ನಿಮ್ಮ ಜತೆ ಇಲ್ಲ. ನಿಮ್ಮೂರೊಂದೇ ಹೋದರೆ ಏನೂ ಆಗಲ್ಲ ಅನ್ನಿಸುತ್ತದೆ. ಸುತ್ತಲಿನ ಊರುಗಳೆಲ್ಲ ಅದೇ ವಾರ ಹೋದರೆ? ಬೇಸಿಗೆಯಲ್ಲಿ ಹೊಲ ಬೋಳಾಗಿರುತ್ತೆ, ಮೊಲಕ್ಕೆ ಅಡಗೋಕೆ ಜಾಗವೇ ಇರಲ್ಲ. ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲೋದಷ್ಟೇ ಅಲ್ಲ. ಹಿಡಿಯೋದು, ಬಲೆ ಹಾಕೋದು, ಸೋವಿ ಓಡಿಸೋದು (ಗದ್ದಲ ಮಾಡಿ ಅಟ್ಟೋದು), ಅದಕ್ಕೆ ಪ್ರಯತ್ನ ಮಾಡೋದು ಎಲ್ಲ ಸೇರುತ್ತದೆ.

ಆಳಂದ:
ನೀತಿ ನಿಯಮ ಏನೇ ಇರಲಿ, ಕರೆಂಟ್ ತಂತಿ ಕಡೆ ಮಾತ್ರ ಹೋಗಬೇಡಿ. ಪಕ್ಕದೂರಲ್ಲಿ ಹಂದಿಗೆ ಅಂತ ಬೋರ್‌ವೆಲ್ ಲೈನಿನಿಂದ ನೇರ ಎಳೆದಿದ್ದರು. ಬದುವಿನ ಹುಲ್ಲು ಮೇಯೋಕೆ ಬಂದ ಎತ್ತು ಹೋಯಿತು. ಹಗ್ಗ ಹಿಡಿದ ಹುಡುಗ ಎರಡು ಹೆಜ್ಜೆ ಹಿಂದಿದ್ದ, ಉಳಿದ. ಮನುಷ್ಯ ಸತ್ತಿದ್ದರೆ ಆ ಮನೆಯವರು ಜೈಲಿನಲ್ಲೇ ಇರುತ್ತಿದ್ದರು. ಸಿಡಿಮದ್ದೂ ಅಷ್ಟೇ. ಹಿಟ್ಟಿನ ಉಂಡೆಯಲ್ಲಿ ಇಟ್ಟದ್ದನ್ನು ಹಂದಿ ತಿನ್ನುತ್ತೋ ಆಕಳು ತಿನ್ನುತ್ತೋ ಯಾರಿಗೆ ಗೊತ್ತು?

ಸೇಡಂ:
ಇದಕ್ಕೆ ಎರಡು ಮಾತಿಲ್ಲ. ಉರುಲು, ತಂತಿ, ಮದ್ದು ಇಡುವವನು ರಾತ್ರಿ ಮನೆಯಲ್ಲಿ ಮಲಗಿರುತ್ತಾನೆ. ಏನು ಸತ್ತಿತು ಅಂತ ಬೆಳಿಗ್ಗೆ ನೋಡೋಕೆ ಬರುತ್ತಾನೆ. ನಮ್ಮಪ್ಪನಂಥ ಶಿಕಾರಿಗಳೂ ಅಂಥವರನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಹುಮನಾಬಾದ್:
ನಮ್ಮ ಕಬ್ಬಿಗೆ ಹಂದಿ, ಹೆಸರು ಸೋಯಾಕ್ಕೆ ಚಿಗರಿ, ಎರಡೂ ಕಾಟ ಉಂಡವರು ನಾವು. ಪರಿಹಾರ ಸಿಕ್ಕಿದೆ, ಬೀಜ ಗೊಬ್ಬರದ ಖರ್ಚಿಗೂ ಸಾಲಲಿಲ್ಲ ಅನ್ನೋದು ಬೇರೆ ಮಾತು. ಹಂದಿ ಬಂದ ಬೆಳಿಗ್ಗೆ ಏನೂ ಸ್ವಚ್ಛ ಮಾಡಬೇಡಿ. ಕೆಡವಿದ ದಂಟು, ಮೂತಿಯಿಂದ ಉತ್ತ ಹಾಗೆ ಎಬ್ಬಿಸಿದ ಶೇಂಗಾ ಸಾಲು, ಕೆಸರಿನ ಗೊರಸಿನ ಗುರುತು, ಎಲ್ಲದರ ಫೋಟೋ ತೆಗೆಯಿರಿ. ಪಹಣಿ, ಆಧಾರ್, ಪಾಸ್‌ಬುಕ್ ಝೆರಾಕ್ಸ್ ಹಿಡಿದು ಅದೇ ದಿನ ವಲಯ ಅರಣ್ಯ ಕಚೇರಿಗೆ ಹೋಗಿ ಅರ್ಜಿ ಕೊಡಿ. ಅವರು ಬಂದು ಪಂಚನಾಮೆ ಮಾಡಿದ ಮೇಲೆಯೇ ಉಳಿದದ್ದು. ಪದೇ ಪದೇ ನಷ್ಟ ಆಗಿದೆ ಅನ್ನೋ ಆ ಕಾಗದಗಳೇ ಮುಂದೆ 11ನೇ ಕಲಂ ಅರ್ಜಿಗೂ ಆಧಾರ. ಬರಿಗೈಲಿ ಹೋಗಿ "ಹಂದಿ ಜಾಸ್ತಿ ಆಗಿವೆ" ಅಂದರೆ ಯಾರೂ ತಲೆ ಎತ್ತಿ ನೋಡಲ್ಲ.

ನಾನು ಕೊನೆಗೆ ಸೋಲಾರ್ ಬೇಲಿಗೆ ಬಂದೆ. ಅದು ಬಿಟ್ಟು ಬಿಟ್ಟು ಹೊಡೆಯುವ ಝಟಕಾ, ಪ್ರಾಣಿ ಹೆದರಿ ಹಿಂದೆ ಸರಿಯುತ್ತದೆ, ಸಾಯಲ್ಲ. ಹಂದಿ ಬೇಲಿ ಹಾರಲ್ಲ, ಮೂತಿ ಒಳಗೆ ತೂರಿಸುತ್ತದೆ. ಅದಕ್ಕೇ ಕೆಳಗಿನ ತಂತಿ ನೆಲದಿಂದ ಗೇಣು ಎತ್ತರಕ್ಕಿಂತ ಮೇಲೆ ಇರಬಾರದು. ತಂತಿಗೆ ಹುಲ್ಲು ತಾಕಿದರೆ ಕರೆಂಟ್ ನೆಲಕ್ಕಿಳಿದು ಹೋಗುತ್ತದೆ, ಆಗಾಗ ಸವರುತ್ತಿರಬೇಕು.

ಸುರಪುರ:
ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರೇ ಲೈಸೆನ್ಸ್ ಇದ್ದವರಿಂದ ಹಂದಿ ಹೊಡೆಸೋಕೆ ಅನುಮತಿ ಕೊಡಬಹುದು. ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ?

ಬೀದರ್, ಮಾಸ್ತರಿಕೆ:
ಆಗಲಿ ಅಂತ ಕೇಳೋಣ, ಬೇಡ ಅನ್ನಲ್ಲ. ನಮ್ಮ ಪಂಚಾಯಿತಿಗಳಲ್ಲಿ ಯಾರಿಗೆ ಅನುಮತಿ ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನೋದನ್ನ ನೀವೇ ಯೋಚಿಸಿ. ಹಂದಿ ಹೆಸರಲ್ಲಿ ಚಿಗರಿ ಬೀಳಬಾರದು, ಅಷ್ಟೇ ನನ್ನ ಭಯ.

ಕೇಳಿದವರು:
ಎಲ್ಲರಿಗೂ ಶರಣು. ಬಂದೂಕಿನ ವಿಷಯ ತಲೆಯಲ್ಲೇ ಇರಲಿಲ್ಲ. ನಾಳೆ ಕಾಕಾನ ಕರಕೊಂಡು ಠಾಣೆಗೆ ಹೋಗುತ್ತೇನೆ. ಶೇಂಗಾ ಸುತ್ತ ಮಾತ್ರ ಬೇಲಿ ಹಾಕೋ ಯೋಚನೆ ಇದೆ, ಜೋಳಕ್ಕೆ ಈ ಸಲ ಮಂಚಿಕೆ (ಎತ್ತರದ ಅಟ್ಟಣೆ) ಮೇಲೆ ಕೂತು ಕಾವಲು.

ಹುಮನಾಬಾದ್:
ಬ್ಯಾಟರಿ ಪೆಟ್ಟಿಗೆಗೆ ಗಟ್ಟಿ ಬೀಗ ಹಾಕಿಸ್ರಿ. ನಮ್ಮ ಕಡೆ ಹಂದಿಗಿಂತ ಮುಂಚೆ ಕಳ್ಳರು ಬಂದರು.