147573952589676412927ಕ್ಕೆ 3 ಅಪವರ್ತನವಾಗಿ ಬರುತ್ತಿದೆ, ದಯವಿಟ್ಟು ನೋಡಿ

ಮಲ್ಪೆ_ಬಂದರು: 2ರ 67ನೇ ಘಾತದಿಂದ 1 ಕಳೆದರೆ ಬರುವ ಈ ಸಂಖ್ಯೆಯನ್ನು ಒಡೆಯಲು ನಾನು ಬರೆದ ಪ್ರೋಗ್ರಾಂ, ಓಡಿಸಿದ ಕೂಡಲೇ 3 ಎನ್ನುತ್ತದೆ. ಅಂಕಿಗಳ ಮೊತ್ತ 109 ಆಗಿರುವಾಗ 3ರಿಂದ ಭಾಗವಾಗುವುದು ಹೇಗೆ? ಸಣ್ಣ ಸಂಖ್ಯೆಗಳಿಗೆ ಸರಿಯುತ್ತರವೇ ಬರುತ್ತದೆ. ಮೂರು ದಿನಗಳಿಂದ ತಲೆ ಕೆಟ್ಟುಹೋಗಿದೆ.

ಸುರತ್ಕಲ್_ಕಡಲು: ಇದು ರ‍್ಯಾಮ್ ದೋಷವೇ. ನಮ್ಮ ಉಪ್ಪುಗಾಳಿಗೆ ಅದರ ಪಿನ್ನುಗಳು ಕಿಲುಬು ಹಿಡಿಯುತ್ತವೆ; ಕಳಚಿ, ರಬ್ಬರಿನಿಂದ ಉಜ್ಜಿ ಕೂರಿಸಿ. ಮೆರ್ಸೆನ್ ಅವಿಭಾಜ್ಯಗಳ (2ರ ಘಾತಕ್ಕೆ ಒಂದು ಕಡಿಮೆಯಾದ ಅವಿಭಾಜ್ಯ ಸಂಖ್ಯೆಗಳ) ಹುಡುಕಾಟದಲ್ಲಿ ಹಗಲಿರುಳು ಓಡುವ ನನ್ನ ಯಂತ್ರಕ್ಕೆ ಪ್ರತಿ ಮಳೆಗಾಲ ಈ ಸೇವೆ ತಪ್ಪಿದ್ದಲ್ಲ.

ಮಲ್ಪೆ_ಬಂದರು: ಉಜ್ಜಿದೆ. ಈಗಲೂ 3.

ಸುರತ್ಕಲ್_ಕಡಲು: ಹಾಗಾದರೆ ಎರಡನೇ ಸ್ಲಾಟಿಗೆ ಹಾಕಿ ನೋಡಿ.

ಮಲ್ಪೆ_ಬಂದರು: ಹಾಕಿದೆ. ಈಗಲೂ 3.

ಕಟಪಾಡಿ_ಮಾಷ್ಟ್ರು: ರ‍್ಯಾಮ್ ಕೆಟ್ಟಿದ್ದರೆ ಪ್ರತಿ ಸಲವೂ ಒಂದೇ ತಪ್ಪು ಬರುತ್ತಿರಲಿಲ್ಲ. ಗಣಿತಜ್ಞ ಮೆರ್ಸೆನ್ 1644ರಲ್ಲಿ ನಿಮ್ಮ ಈ ಸಂಖ್ಯೆಯನ್ನು ಅವಿಭಾಜ್ಯವೆಂದಿದ್ದು, ಅದು ತಪ್ಪೆಂದು 1903ರಲ್ಲಿ ಗಣಿತಜ್ಞ ಕೋಲ್ ಸಾಧಿಸಿದರು. ಯಾವ ಭಾಷೆಯಲ್ಲಿ ಬರೆದಿರಿ, ಪೂರ್ತಿ ಉತ್ತರವೇನು ಎಂಬುದನ್ನು ತಿಳಿಸಿ.

ಸುರತ್ಕಲ್_ಕಡಲು: ಸಾಧಿಸಿದ್ದು ಲ್ಯುಕಾಸ್, 1876ರಲ್ಲಿ. ಕೋಲ್ ಕೊಟ್ಟದ್ದು ಅಪವರ್ತನಗಳನ್ನು.

ಕಟಪಾಡಿ_ಮಾಷ್ಟ್ರು: ತಿದ್ದುಪಡಿಯನ್ನು ಒಪ್ಪಿದೆ, ರ‍್ಯಾಮನ್ನು ಒಪ್ಪಲಾರೆ.

ಮಲ್ಪೆ_ಬಂದರು: ಸಿ ಭಾಷೆ ಎಂದು ಬೇರೆ ಹೇಳಬೇಕಿತ್ತೇ? 64 ಬಿಟ್‌ನ ಚಿಹ್ನೆಯಿಲ್ಲದ ಪೂರ್ಣಾಂಕದಲ್ಲಿ 1ನ್ನು 67 ಸಲ ಇಮ್ಮಡಿಸಿ 1 ಕಳೆಯುತ್ತೇನೆ. ಬರುವುದು 3, 5, 17, 257, 641, 65537, 6700417.

ಕಟಪಾಡಿ_ಮಾಷ್ಟ್ರು: ಮಾರಾಯರೇ, ಈ ಸಾಲನ್ನು ಮೊದಲೇ ಹಾಕಿದ್ದರೆ ಸ್ಲಾಟ್ ಬದಲಿಸುವ ಕಷ್ಟ ಇರಲಿಲ್ಲ. 3, 5, 17, 257, 65537 ಮೊದಲ ಐದು ಫರ್ಮಾ ಸಂಖ್ಯೆಗಳು (2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿದವು). ಆರನೆಯದಾದ 4294967297ನ್ನು ಆಯ್ಲರ್ 1732ರಲ್ಲಿ 641 ಮತ್ತು 6700417 ಎಂದು ಒಡೆದರು. ಈ ಆರನ್ನೂ ಗುಣಿಸಿದರೆ 18446744073709551615, ಅಂದರೆ 2ರ 64ನೇ ಘಾತಕ್ಕೆ ಒಂದು ಕಡಿಮೆ; ನಿಮ್ಮ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದೇ. ನಿಮ್ಮ ಇಮ್ಮಡಿಕೆ 64ನೇ ಸಲಕ್ಕೇ ಉಕ್ಕಿ ಹರಿದು ಸೊನ್ನೆಯಾಗಿದೆ. ಅದರಿಂದ 1 ಕಳೆದಾಗ 64 ಬಿಟ್‌ಗಳೂ 1 ಆಗಿವೆ. ಪ್ರೋಗ್ರಾಂ ಒಡೆದದ್ದು ಸರಿಯಾಗಿಯೇ, ಆದರೆ ಬೇರೊಂದು ಸಂಖ್ಯೆಯನ್ನು. ಪೂರ್ಣಾಂಕಕ್ಕೆ ಇಂಥ ಮಿತಿಯಿಲ್ಲದ ಪೈಥಾನ್ ಬಳಸಿ. ನಿಮ್ಮ ಮೂಲ ಸಂಖ್ಯೆಯ ಅಪವರ್ತನಗಳೆಲ್ಲ 134ರ (67ರ ಇಮ್ಮಡಿಯ) ಗುಣಕಕ್ಕೆ 1 ಕೂಡಿದ ರೂಪದಲ್ಲೇ ಇರಬೇಕಾದ್ದರಿಂದ, ಎಲ್ಲ ಬೆಸಸಂಖ್ಯೆಗಳನ್ನೂ ಪರೀಕ್ಷಿಸುತ್ತ ಕೂರಬೇಡಿ.

ಮಲ್ಪೆ_ಬಂದರು: 14,45,580ನೇ ಹೆಜ್ಜೆಯಲ್ಲಿ 193707721 ಸಿಕ್ಕಿತು! ಆದರೆ ಉಳಿದ 761838257287ನ್ನು ಪರೀಕ್ಷಿಸದೆಯೇ ಪ್ರೋಗ್ರಾಂ ನಿಂತುಬಿಟ್ಟಿತು. ಇದೂ ದೋಷವೇ?

ಕಟಪಾಡಿ_ಮಾಷ್ಟ್ರು: ಅಲ್ಲ. ಅದರ ವರ್ಗಮೂಲ ಒಂಬತ್ತು ಲಕ್ಷವನ್ನೂ ಮುಟ್ಟುವುದಿಲ್ಲ. ಅದನ್ನು ಭಾಗಿಸುವ ಸಂಖ್ಯೆ ಮೂಲ ಸಂಖ್ಯೆಯನ್ನೂ ಭಾಗಿಸಬೇಕು. ಅಷ್ಟು ಚಿಕ್ಕದು ಯಾವುದಾದರೂ ಇದ್ದಿದ್ದರೆ ದಾರಿಯಲ್ಲೇ ಸಿಕ್ಕಿರುತ್ತಿತ್ತು. ಆದ್ದರಿಂದ ಅದು ಅವಿಭಾಜ್ಯವೇ.

ಸುರತ್ಕಲ್_ಕಡಲು: ಸಂತೋಷ. ಆದರೂ ರ‍್ಯಾಮ್ ಎರಡನೇ ಸ್ಲಾಟಿನಲ್ಲೇ ಇರಲಿ.