ಸಹಾಯ ಬೇಕು: ತವರಿನಲ್ಲಿರುವ ಬಾಣಂತಿಯನ್ನು ಯಾವ ಆಶಾ ನೋಡಬೇಕು?

ಅಕ್ಕ ಬಾಣಂತನಕ್ಕೆ ಸುರತ್ಕಲ್‌ನ ನಮ್ಮನೆಗೆ ಬಂದಿದ್ದಾಳೆ. ಸಿಸೇರಿಯನ್ ಆಗಿದೆ. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಮನೆ ಕುಂದಾಪುರದಲ್ಲಿ. ಆಸ್ಪತ್ರೆ ಹೆರಿಗೆಯಾದ್ರೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೇ ಬಂದು ಮಗುವಿನ ತೂಕ, ಜ್ವರ, ಹೊಕ್ಕುಳು, ಬಾಣಂತಿಯ ಆರೋಗ್ಯ ಎಲ್ಲ ನೋಡ್ಬೇಕಲ್ವಾ? ಅಲ್ಲಿಯವರಿಗೆ ಇಷ್ಟು ದೂರ ಬರೋಕಾಗಲ್ಲ, ಅದು ನ್ಯಾಯವೇ. ಇಲ್ಲಿಯವರು "ನಮ್ಮ ಲಿಸ್ಟ್‌ನಲ್ಲಿ ಹೆಸರಿಲ್ಲ" ಅಂತಾರೆ. ಅಂಗನವಾಡಿಯಲ್ಲೂ ಕೇಳಿದೆ, ಉತ್ತರ ಸಿಗ್ಲಿಲ್ಲ. ನಮ್ಮೂರಲ್ಲಿ ಮೊದಲ ಬಾಣಂತನ ತವರಲ್ಲೇ ಅಲ್ವಾ, ಇದಕ್ಕೊಂದು ದಾರಿ ಇರಲೇಬೇಕು. ಮಗು ಸ್ವಲ್ಪ ಸಣ್ಣದಿದೆ, ತೂಕ ತಪ್ಪದೆ ನೋಡಿಸ್ಬೇಕು ಅಂತ ನನಗೆ ತುಂಬಾ ಚಿಂತೆ.

ಹೀಗೆ ಜಿಲ್ಲೆ ಬದಲಾದವರು ಯಾರಾದ್ರೂ ಇದ್ದೀರಾ? ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾರ ಹತ್ರ ಹೆಸರು ಸೇರಿಸಿದ್ರಿ? ಆರು ವಾರದ ಲಸಿಕೆಗೆ ಅದೇ ತಾಯಿ ಕಾರ್ಡ್ ಸಾಕಾಯ್ತಾ?