ಸೆಮಾಕ್ರೈಸಾ ಜೇಡ್: ಈ ‘ಜೇಡ್’ ಅನ್ನು ಕನ್ನಡದಲ್ಲಿ ಹೇಗೆ ಬರೆಯೋಣ?

ಗ್ರೀನ್ ಲೇಸ್‌ವಿಂಗ್ ಎಂಬ ಹಸಿರು ಕೀಟಗಳ ಗುಂಪಿನ ಒಂದು ಪ್ರಭೇದದ ಬಗ್ಗೆ ಬರೆಯುತ್ತಿದ್ದೇನೆ. ಅದರ ವೈಜ್ಞಾನಿಕ ಹೆಸರು ಸೆಮಾಕ್ರೈಸಾ ಜೇಡ್. ಕರಡು ಓದಿದ ಗೆಳೆಯರು ಮೊದಲು ಕೇಳಿದ್ದೇ ‘ಇದೂ ಒಂದು ಜಾತಿಯ ಜೇಡನಾ?’ ಅಂತ. ಅಷ್ಟು ಸಲ ಬರೆದರೂ ನನಗೆ ಅದು ಹೊಳೆದಿರಲಿಲ್ಲ. ಕನ್ನಡದ ಕಣ್ಣಿಗೆ ‘ಜೇಡ್’ ಕಂಡರೆ ಜೇಡವೇ ನೆನಪಾಗುತ್ತದೆ, ಅಲ್ವಾ?

ಇಂಗ್ಲಿಷಿನಲ್ಲಿ ಜೇಡ್ ಎಂದರೆ ಒಂದು ಬಗೆಯ ಹಸಿರು ಕಲ್ಲು. ಹಾಗಾದರೆ ಅರ್ಥ ಹಿಡಿದು ‘ಹಸಿರುಕಲ್ಲು’ ಎನ್ನೋಣವೆಂದರೆ ಅದೂ ತಪ್ಪಾಗುತ್ತದೆ. ಹೆಸರು ಬಂದ ಬಗೆಯೇ ಬೇರೆ. ಮಲೇಷ್ಯಾದ ಛಾಯಾಗ್ರಾಹಕ ಗೆಕ್ ಹಾಕ್ ಪಿಂಗ್ ಅವರು ಅಲ್ಲಿಯ ಕಾಡಿನಲ್ಲಿ ಈ ಕೀಟದ ಚಿತ್ರ ತೆಗೆದು 2011ರಲ್ಲಿ ಫ್ಲಿಕರ್ ತಾಣಕ್ಕೆ ಹಾಕಿದ್ದರು. ಕ್ಯಾಲಿಫೋರ್ನಿಯಾದ ಕೀಟತಜ್ಞ ಶಾನ್ ವಿಂಟರ್ಟನ್ ಅದನ್ನು ಆಕಸ್ಮಿಕವಾಗಿ ನೋಡಿದರು. ರೆಕ್ಕೆಯ ಮೇಲಿನ ಕಪ್ಪು ಗುರುತುಗಳು ಅವರಿಗೆ ಗೊತ್ತಿದ್ದ ಯಾವ ಪ್ರಭೇದಕ್ಕೂ ಹೊಂದಲಿಲ್ಲ. ಆದರೆ ಬರೀ ಚಿತ್ರ ಸಾಲದು, ಕೀಟವೇ ಕೈಗೆ ಬೇಕು. ಸುಮಾರು ಒಂದು ವರ್ಷದ ನಂತರ ಗೆಕ್ ಮತ್ತೆ ಅದೇ ಜಾಗಕ್ಕೆ ಹೋಗಿ ಒಂದನ್ನು ಹಿಡಿದರು. ಅದನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸ್ಟೀಫನ್ ಬ್ರೂಕ್ಸ್ ಪರೀಕ್ಷಿಸಿದರು. ಅಲ್ಲಿಯ ಸಂಗ್ರಹದಲ್ಲೇ ಇಂಥದ್ದೊಂದು ಹೆಸರಿಲ್ಲದೆ ದಶಕಗಳಿಂದ ಕೂತಿತ್ತು! 2012ರಲ್ಲಿ ಮೂವರೂ ಸೇರಿ ವಿವರಣೆ ಪ್ರಕಟಿಸಿದರು. ಜೇಡ್ ಎನ್ನುವುದು ವಿಂಟರ್ಟನ್ ಅವರ ಮಗಳ ಹೆಸರು. ಹಸಿರು ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೆಸರನ್ನು ಅನುವಾದಿಸಬಾರದು ಎನ್ನುವುದು ನನಗೆ ಖಚಿತ. ಉಳಿದಿದ್ದು ಕಾಗುಣಿತ. ‘ಜೇಯ್ಡ್’ ಎಂದು ಬರೆದರೆ ಜೇಡ ತಪ್ಪಿಹೋಗುತ್ತದೆ, ಉಚ್ಚಾರಕ್ಕೂ ಹತ್ತಿರವಾಗುತ್ತದೆ. ನೋಡಲು ಸ್ವಲ್ಪ ಒರಟು, ಆದರೂ ನನ್ನ ಒಲವು ಅದಕ್ಕೇ.

ಇನ್ನು ಗುಂಪಿನ ಹೆಸರು. ‘ಬಲೆರೆಕ್ಕೆ’ ಎನ್ನಬಹುದು, ಚೆನ್ನಾಗಿಯೇ ಇದೆ. ಆದರೆ ‘ಬಲೆ’ ಮತ್ತು ‘ಜೇಡ್’ ಒಂದೇ ಸಾಲಿನಲ್ಲಿ ಬಂದರೆ ಓದುಗರು ಮತ್ತೆ ಜೇಡಕ್ಕೇ ಹೋಗುತ್ತಾರೆ. ‘ಜಾಲರಿರೆಕ್ಕೆ’ಯಲ್ಲಿ ಆ ತೊಂದರೆ ಇಲ್ಲ. ನನಗೆ ಇವೆರಡಕ್ಕಿಂತ ಇಷ್ಟವಾಗಿರುವುದು ‘ಹೊಂಗಣ್ಣಿ’. ಈ ಗುಂಪಿನ ಒಂದು ಕುಲಕ್ಕಿರುವ ಕ್ರೈಸೋಪಾ ಎಂಬ ಗ್ರೀಕ್ ಮೂಲದ ಹೆಸರಿಗೆ ಚಿನ್ನದ ಕಣ್ಣು ಎಂದೇ ಅರ್ಥ. ಜೀವಂತ ಕೀಟದ ಕಣ್ಣು ನಿಜಕ್ಕೂ ಚಿನ್ನದ ಹಾಗೆ ಹೊಳೆಯುತ್ತದೆ. ಹೊನ್ನು ಮತ್ತು ಕಣ್ಣು ಸೇರಿ ಹೊಂಗಣ್ಣು, ಹೊಂಗನಸಿನ ಹಾಗೆಯೇ. ಒಂದೇ ಕೊರತೆ ಎಂದರೆ, ಸತ್ತ ಮೇಲೆ ಆ ಹೊಳಪು ಹೋಗಿಬಿಡುತ್ತದೆ. ಒಣಗಿದ ಮಾದರಿಯಲ್ಲಿ ಮೈಯ ಹಸಿರೂ ಹಳದಿಗೆ ತಿರುಗುತ್ತದೆ. ಆದರೂ ಗಿಡದ ಮೇಲೆ ಕಂಡ ಕೀಟಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ತೋಚುತ್ತಿಲ್ಲ.

ಮೊಟ್ಟೆಯ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಂಡಿದ್ದೇನೆ. ಹೆಣ್ಣು ಮೊದಲು ಎಲೆಗೆ ಒಂದು ಹನಿ ಅಂಟು ತಾಗಿಸುತ್ತದೆ. ಆಮೇಲೆ ಹೊಟ್ಟೆಯ ತುದಿಯನ್ನು ಮೇಲಕ್ಕೆತ್ತುತ್ತದೆ. ಅಂಟು ದಾರದಂತೆ ಎಳೆದುಕೊಂಡು ಗಟ್ಟಿಯಾಗುತ್ತದೆ. ಅದರ ತುದಿಯಲ್ಲಿ ಒಂದೇ ಒಂದು ಮೊಟ್ಟೆ. ಆ ದಾರಕ್ಕೆ ಏನನ್ನೋಣ? ‘ಎಳೆ’ ಎಂದು ಬರೆದು ನೋಡಿದೆ. ‘ಎಳೆ ಮೊಟ್ಟೆ’ ಎಂದಾಗ ಎಳೆಯದಾದ ಮೊಟ್ಟೆ ಎಂಬ ಅರ್ಥ ಬಂತು. ‘ಕಾಂಡ’ ತೀರಾ ದಪ್ಪ, ‘ಕಡ್ಡಿ’ ಬಿರುಸು. ‘ತೊಟ್ಟು’ ಒಪ್ಪುತ್ತದೆ. ಹಣ್ಣು ತೊಟ್ಟಿನಿಂದ ಇಳಿಬೀಳುತ್ತದೆ, ಎಲೆಯಡಿಯ ಈ ಮೊಟ್ಟೆಯೂ ಹಾಗೆಯೇ. ‘ತೊಟ್ಟುಮೊಟ್ಟೆ’ ಎಂದರೆ ಬಾಯಿಗೂ ಹಿತ.

ಮರಿಗೆ ‘ಮರಿಹುಳು’ ಸಾಕು. ಈ ಗುಂಪಿನ ಕೆಲವು ಮರಿಗಳು ತಿಂದ ಗಿಡಹೇನಿನ ಸಿಪ್ಪೆ, ಕಸಕಡ್ಡಿಯನ್ನು ಬೆನ್ನ ಮೇಲೆ ಹೇರಿಕೊಂಡು ಓಡಾಡುತ್ತವೆ. ಅವಕ್ಕೆ ‘ಹೊರೆಹುಳು’ ಎನ್ನಬಹುದೇನೋ.

ನಿಜವಾಗಿ ಸಲಹೆ ಬೇಕಿರುವುದು ರೆಕ್ಕೆಗೆ. ಪ್ರಭೇದ ಗುರುತಿಸಲು ಅಲ್ಲಿಯ ಗೆರೆಗಳೇ ಮುಖ್ಯ ಆಧಾರ: ಎಲ್ಲಿ ಕವಲೊಡೆಯುತ್ತವೆ, ಅಡ್ಡಗೆರೆಗಳು ಎಷ್ಟು ಸಾಲು, ಯಾವುದು ಕಪ್ಪು, ಯಾವುದು ಹಸಿರು. ಅವನ್ನು ‘ನರ’ ಎನ್ನೋಣವೇ, ‘ನಾಳ’ ಎನ್ನೋಣವೇ? ಮಾತಿನಲ್ಲಿ ಕೈಮೇಲೆ ಉಬ್ಬಿ ಕಾಣುವುದನ್ನೂ ನಾವು ನರ ಎಂದೇ ಕರೆಯುತ್ತೇವೆ. ಈ ಕೀಟಗಳ ಗಣದ ಹೆಸರು ನ್ಯೂರೋಪ್ಟೆರಾ. ಅದರಲ್ಲೂ ನರ ಮತ್ತು ರೆಕ್ಕೆಯೇ ಇವೆ. ಆದರೆ ರೆಕ್ಕೆಯ ಗೆರೆಗಳು ಒಳಗೆ ಟೊಳ್ಳು. ಅವುಗಳಲ್ಲಿ ಕೀಟದ ರಕ್ತ ಹರಿಯುತ್ತದೆ, ಉಸಿರಾಟದ ಕೊಳವೆಯೂ ನಿಜವಾದ ನರವೂ ಹಾದುಹೋಗುತ್ತವೆ. ‘ನರದೊಳಗೆ ನರ’ ಎಂದು ಬರೆಯುವ ಗತಿ ಬರಬಾರದು. ಹಾಗಾಗಿ ‘ನಾಳ’, ‘ಅಡ್ಡನಾಳ’ ಎಂದು ಇಟ್ಟುಕೊಂಡಿದ್ದೇನೆ.

ಒಂದು ಕಡೆ ಮಾತ್ರ ನಿಂತುಬಿಟ್ಟಿದ್ದೇನೆ. ನಾಳವೇ ಕಪ್ಪಾಗಿರುವುದು ಬೇರೆ, ನಾಳದ ಸುತ್ತಲಿನ ರೆಕ್ಕೆಯ ಪೊರೆಗೆ ಕಪ್ಪು ಹರಡಿರುವುದು ಬೇರೆ. ಮೊದಲನೆಯದಕ್ಕೆ ‘ಕಪ್ಪು ನಾಳ’ ಸರಿ. ಎರಡನೆಯದು ಚುಕ್ಕೆಯಲ್ಲ, ಪಟ್ಟೆಯಲ್ಲ, ಅಂಚು ಸ್ಪಷ್ಟವಿಲ್ಲ. ‘ಮಚ್ಚೆ’ ಎಂದರೆ ದುಂಡಗೆ ಕಾಣುತ್ತದೆ, ‘ಕಲೆ’ ಎಂದರೆ ಕೊಳೆಯ ಭಾವ ಬರುತ್ತದೆ. ಮಸಿ ಹರಡಿದಂಥ ಆ ಕಪ್ಪಿಗೆ ನಿಮ್ಮ ಕಡೆ ಯಾವ ಮಾತಿದೆ?